ಪಾಚಿಯ ಗೆರೆ ಮತ್ತು ಕಂಚಿನ ಗಂಟೆ

ಫಾಲ್‌ಕರ್ಕ್‌ನ ಮೇಲಿನ ಕಾಲುವೆಯ ದಡದಲ್ಲಿ ಚರ್ಚಿನವರು ತಮ್ಮ ಗಂಟೆಯನ್ನು ಬರಮಾಡಿಕೊಳ್ಳಲು ಹಾಡಿಗೆ ಬಾಯಿ ತೆರೆದಿದ್ದರು. ಫರ್ಗಸ್ ಅದನ್ನು ಹೊತ್ತು ತಂದ ತನ್ನ ಪುಟ್ಟ ದೋಣಿಯ ಟಾರ್ಪಾಲು ಎಳೆದ. ನಾನೂರು ಕಿಲೋ ತೂಗುವ ಆ ಹಳೆಯ ಕಂಚಿನ ಗಂಟೆ ಇರಬೇಕಾದಲ್ಲಿ ನಾಲ್ಕು ಖಾಲಿ ಪೀಪಾಯಿ. ತೆರೆದ ಬಾಯಿಗಳು ತೆರೆದೇ ಉಳಿದವು.

ಪೊಲೀಸ್ ಅಧಿಕಾರಿ ಮೋರಗ್ ಬಂದಳು.

"ನನ್ನ ಹೊಸ ಕೆಲಸದ ಹುಡುಗಿ ಇನಾನ ಕೇಳಿ ಮೇಡಂ," ಎಂದ ಫರ್ಗಸ್. "ನಾನು ಈ ಚರ್ಚಿನವರನ್ನ ಕರಿಯೋಕೆ ಹೋದಾಗ ಅರ್ಧ ಗಂಟೆ ಅವಳೊಬ್ಳೇ ಇದ್ಳು. ಪಕ್ಕದಲ್ಲೇ ರಸ್ತೆ. ಕ್ರೇನ್ ಲಾರಿಗೆ ಎಷ್ಟೊತ್ತು ಬೇಕು?"

"ಬೆಳಿಗ್ಗೆ ತಾನೇ ಕೆಲಸಕ್ಕೆ ಸೇರಿದೀನಿ, ದೋಣಿ ಹತ್ತಿದ್ದೂ ಇಲ್ಲೇ, ಈ ದಡದಲ್ಲಿ," ಎಂದಳು ಇನಾ. "ಟಾರ್ಪಾಲು ಮುಟ್ಟಬೇಡ ಅಂದ್ರು. ಮುಟ್ಟಲಿಲ್ಲ."

ಕಳ್ಳಿಯೆಂಬ ಹೆಸರು ಅಂಟಿದರೆ ಈ ಕಾಲುವೆಯಲ್ಲಿ ಅವಳ ಕೈಗೆ ಇನ್ನು ಯಾರೂ ಚುಕ್ಕಾಣಿ ಕೊಡುವುದಿಲ್ಲ. ರಸ್ತೆಬದಿಯಲ್ಲಿ ಹೊಸ ಟೈರಿನ ಗುರುತು ಬೇರೆ ಇತ್ತು. ವಿಚಾರಿಸಿದರೆ, ಚರ್ಚಿನವರಿಗೆ ಊಟ ತಂದ ವ್ಯಾನಿನದು.

* * *

ಮೋರಗ್ ಇಬ್ಬರನ್ನೂ ಕೆಳಗೆ, ನೀರು ತುಂಬಿದ ಎರಡು ತೊಟ್ಟಿಗಳಲ್ಲಿ ದೋಣಿಗಳನ್ನು ಕೆಳಗಿನ ಕಾಲುವೆಯಿಂದ ಮೇಲಿನದಕ್ಕೆ ಎತ್ತುವ ದೊಡ್ಡ ಚಕ್ರದ ಬಳಿಗೆ ಕರೆತಂದಳು. ಅದನ್ನು ತಿರುಗಿಸುವ ವಾಟಿ ಚಹಾ ಕುಡಿಯುತ್ತಿದ್ದ.

"ಚಕ್ರ ಹತ್ತುವಾಗ ಗಂಟೆ ಇತ್ತು ಅಂತ ಹೇಗೆ ಹೇಳ್ತೀರಿ?" ಎಂದು ಅವಳು ಫರ್ಗಸ್‌ನನ್ನು ಕೇಳಿದಳು.

"ಚಕ್ರನೇ ಹೇಳ್ತಲ್ಲ. ನಮ್ಮ ತೊಟ್ಟಿ ಭಾರಕ್ಕೆ ನರಳ್ತಾ ಮೇಲೆ ಬಂತು. ಎದುರು ತೊಟ್ಟಿಲಿ ದೋಣಿ ಇಲ್ಲ, ಬರೀ ನೀರು."

ವಾಟಿಗೆ ಚಹಾ ನೆತ್ತಿಗೇರಿತು.

"ಒಳಗೆ ಬಂದ ದೋಣಿ ತನ್ನ ತೂಕದಷ್ಟೇ ನೀರನ್ನ ಆಚೆ ತಳ್ಳುತ್ತೆ ಮಾರಾಯ. ಎರಡು ತೊಟ್ಟಿನೂ ಯಾವಾಗ್ಲೂ ಸಮ. ಗಂಟೆ ಹಾಕು, ಆನೆ ಹಾಕು, ಅಷ್ಟೇ. ಈ ವಸಂತದಲ್ಲಷ್ಟೇ ದೋಣಿ ಕೊಂಡವನಿಗೆ ಇದನ್ನ ಯಾರೂ ಹೇಳ್ಲಿಲ್ವಾ?"

ಫರ್ಗಸ್ ತಪ್ಪು ತಿಳಿದಿದ್ದನೋ, ಸುಳ್ಳು ಹೇಳಿದ್ದನೋ? ಮೋರಗ್‌ಗೆ ಕುತೂಹಲ ಕೆರಳಿತು. ಬರುವ ದೋಣಿಗಳ ಚಿತ್ರ ತೆಗೆಯುವುದು ವಾಟಿಯ ಹುಚ್ಚು. ಅವನ ಫೋನು ಇಸಿದುಕೊಂಡು ಫರ್ಗಸ್‌ನ ದೋಣಿಯ ಬೆಳಗಿನ ಚಿತ್ರವನ್ನು ಹಿಗ್ಗಿಸಿ ನೋಡಿದಳು.

"ಈ ದೋಣಿ ಗಂಟೆಯನ್ನ ಹೊತ್ಕೊಂಡು ನೀವು ದೋಣಿ ಕಟ್ಟೋ ಜಾಗದಲ್ಲಿ ಮೂರು ವಾರ ನಿಂತಿತ್ತು, ಅಲ್ವಾ? ನೀರಿನ ಅಂಚಿಗೆ ಪಾಚಿ ಗೆರೆ ಕಟ್ಟಿದೆ. ಇಲ್ಲಿ ನೋಡಿ. ಚಕ್ರದೊಳಗೆ ಬರೋವಾಗ್ಲೇ ಆ ಗೆರೆ ನೀರಿಂದ ಮೂರು ಬೆರಳು ಮೇಲಿದೆ, ಇನ್ನೂ ಹಸಿ. ಭಾರ ಇಳಿದದ್ದು ಇನಾ ಹತ್ತೋಕೆ ಮೊದಲು. ಆಗ ದೋಣಿ ಇದ್ದದ್ದು ನಿಮ್ಮ ಕೈಲಿ. ಚಕ್ರಕ್ಕೆ ಗೊತ್ತಾಗಲ್ಲ ಫರ್ಗಸ್, ದೋಣಿಗೆ ಗೊತ್ತಾಗುತ್ತೆ."

ಫರ್ಗಸ್ ಒಪ್ಪಿಕೊಂಡ. ಹಳೆಯ ವಸ್ತು ಕೂಡಿಡುವವನೊಬ್ಬ ಹಣದ ಆಸೆ ತೋರಿಸಿದ್ದನಂತೆ. ಗಂಟೆ ಫರ್ಗಸ್‌ನ ಕೊಟ್ಟಿಗೆಯಲ್ಲಿ, ಕಲ್ಲಿದ್ದಲಿನ ಕೆಳಗೆ ಸಿಕ್ಕಿತು.

* * *

ಮರುದಿನ ಗಂಟೆಯನ್ನು ಮತ್ತೆ ದೋಣಿಗಿಳಿಸಿದರು. ಚರ್ಚಿನವರು ಚುಕ್ಕಾಣಿಗೆ ಇನಾಳನ್ನೇ ಕರೆದಿದ್ದರು. ಅವಳು ಅಂಚಿಗೆ ಬಾಗಿ ನೋಡಿದಳು. ಪಾಚಿಯ ಗೆರೆ ಮೆಲ್ಲನೆ ನೀರು ಮುಟ್ಟಿತು.

"ಈಗ ಸರಿ," ಎಂದು ದೋಣಿಯನ್ನು ಚಕ್ರದತ್ತ ತಿರುಗಿಸಿದಳು.