ಮಾಗಳಿ ಬಳ್ಳಿಗೆ ಎರೆದ ನೀರು

"ಆ ಬಳ್ಳಿ ಮುಟ್ಟಬೇಡಿ!"

ಮೇಲುಕೋಟೆ ಬೆಟ್ಟದ ಇಳಿಜಾರಿನಲ್ಲಿ ಉಪ್ಪಿನಕಾಯಿಗೆಂದು ಮಾಗಳಿ ಬೇರು ಅಗೆಯುತ್ತಿದ್ದ ಅನು ಬೆಚ್ಚಿ ತಿರುಗಿದಳು. ಬಿಸಿಲಿಗೆ ಮುಖ ಕೆಂಪಾಗಿದ್ದ ಯುವಕನೊಬ್ಬ ಓಡಿ ಬರುತ್ತಿದ್ದ.

"ನಮ್ ಬೆಟ್ಟದ್ ಬೇರು ನಾವ್ ಕೀಳ್ದೆ, ನಿಮ್ಮಪ್ಪ ಬಂದು ಕೀಳ್ತಾನಾ?"

ಅವನು ಪೆಚ್ಚಾಗಿ ನಕ್ಕುಬಿಟ್ಟ. ಆ ನಗು ಇದೆಯಲ್ಲ... ಹುಡುಗಿಗೆ ಗುದ್ದಲಿ ಎತ್ತುವುದೇ ಮರೆತುಹೋಯಿತು.

ಅವನು ರಘುನಂದನ್, ಮೈಸೂರಿನಲ್ಲಿ ಸಸ್ಯಶಾಸ್ತ್ರದ ಸಂಶೋಧಕ. ಭೂಮಿ ಬಿಸಿಯಾಗುತ್ತ ಹೋದರೆ ಮಾಗಳಿ ಎಲ್ಲಿ ಉಳಿದೀತು, ಎಲ್ಲಿ ಅಳಿದೀತು ಎಂದು ನಕ್ಷೆ ಬರೆಯಬೇಕಿತ್ತು. ಅದಕ್ಕೇ ಬಳ್ಳಿಗಳಿಗೆ ಕೆಂಪು ದಾರ ಕಟ್ಟಿ, ಅಲ್ಲಿಯ ಬಿಸಿಲು, ಮಳೆ ಅಳೆಯುತ್ತಿದ್ದ. ಸಾಮಾನಿಡಲು ಅನುವಿನ ಮನೆಯ ಜಗಲಿಯೇ ಗತಿ. ಅವಳ ತಾಯಿ ಸೋಮಮ್ಮ ಮಜ್ಜಿಗೆ ಕೊಟ್ಟು ಕೊಟ್ಟು ಅವನನ್ನು ಮನೆಮಗನನ್ನೇ ಮಾಡಿಕೊಂಡಳು. ಇನ್ನು ಅನುವಿನ ವಿಷಯ? ಕೇಳಲೇಬೇಡಿ!

ಬೇಸಿಗೆ ಬಂತು. ಬೆಟ್ಟದ ಬಂಡೆಯೊಂದರ ಪಕ್ಕ ಅವನು ದಾರ ಕಟ್ಟಿದ್ದ ಬಳ್ಳಿಗಳು ಬಾಡತೊಡಗಿದವು. ಅವನು ಬಾಡಿದ ಎಲೆ ಹಿಡಿದು ಮಂಕಾಗಿ ಕೂತಿದ್ದನ್ನು ಕಂಡು ಅವಳಿಗೆ ತಡೆಯಲಾಗಲಿಲ್ಲ. ಅಂದಿನಿಂದ ದಿನವೂ ಬೆಳಗ್ಗೆ, ಅವನು ಬರುವ ಮೊದಲೇ, ಬಿಂದಿಗೆ ಹೊತ್ತು ಬೆಟ್ಟ ಹತ್ತಿ ನೀರೆರೆದಳು. ಬಳ್ಳಿಗಳು ಚಿಗುರಿದವು.

ಅವನಿಗೆ ಸಂತೋಷವೋ ಸಂತೋಷ. ಮಾಗಳಿ ಇಷ್ಟು ಬಿಸಿಲನ್ನೂ ತಡೆಯುತ್ತದೆ, ನಾಳೆಯೇ ಹೋಗಿ ಗುರುಗಳಿಗೆ ಹೇಳುತ್ತೇನೆ ಎಂದ.

ಅನುವಿಗೆ ಆಗ ಹೊಳೆಯಿತು. ಬಾಡುವುದನ್ನೇ ಅವನು ಅಳೆಯುತ್ತಿದ್ದನೇ?

'ಹೇಳಿದರೆ ಮುಖ ತಿರುಗಿಸಿ ಹೋಗುತ್ತಾನೆ. ಹೇಳದಿದ್ದರೆ ಸುಳ್ಳು ಹೊತ್ತು ಹೋಗುತ್ತಾನೆ...'

"ಬಿಸ್ಲು ತಡೀಲಿಲ್ಲ ಅದು," ಎಂದಳು ಕೊನೆಗೆ. "ನಾನೇ ನೀರುಯ್ದೆ. ನಿಮ್ ಬೇಜಾರು ನೋಡಕ್ಕಾಗ್ಲಿಲ್ಲ."

ಅವನ ಮುಖ ಬಿಳಿಚಿತು. ಒಂದಿಡೀ ಬೇಸಿಗೆ ನೀರುಪಾಲಾಯಿತೆಂದು ಕೂಗಾಡಿ, ಚೀಲ ಹೆಗಲಿಗೇರಿಸಿ, ಮೈಸೂರಿನ ಬಸ್ಸು ಹತ್ತಿಬಿಟ್ಟ. ಅನು ಅತ್ತಳು. ಆದರೆ ನಿಜ ಹೇಳಿದ್ದಕ್ಕೆ ಮಾತ್ರ ಅಳಲಿಲ್ಲ.

ಮರುದಿನ ಮನಸ್ಸು ತಡೆಯದೆ ಬಂಡೆಯ ಬಳಿ ಹೋದರೆ, ರಘುನಂದನ್ ಬೇರೆ ಬಳ್ಳಿಗಳಿಗೆ ಹೊಸ ದಾರ ಕಟ್ಟುತ್ತಿದ್ದ!

"ಓಗ್ಬಿಟ್ರಿ ಅನ್ಕೊಂಡಿದ್ದೆ..." ಎಂದಳು ಅನು.

"ಹೋಗಿದ್ದೆ. ನನ್ನ ಬೇಜಾರಿಗೋಸ್ಕರ ಯಾರೂ ಇದುವರೆಗೆ ಬೆಟ್ಟಕ್ಕೆ ನೀರು ಹೊತ್ತಿರಲಿಲ್ಲ, ಅನು. ಅದನ್ನೇ ನೆನೆಯುತ್ತ ದಾರಿಯಲ್ಲಿ ಪಾಂಡವಪುರದಲ್ಲೇ ಇಳಿದುಬಿಟ್ಟೆ. ಇನ್ನೊಂದು ಬೇಸಿಗೆ ಇಲ್ಲೇ ಇರಬೇಕು. ನಿಮ್ಮಮ್ಮನ ಹತ್ತಿರ ಏನು ಕೇಳಲಿ? ಜಗಲಿನಾ, ನಿನ್ನನ್ನಾ?"

ಅವಳು ಕಣ್ಣೊರೆಸಿಕೊಂಡಳು. "ಎಲ್ಡೂ ಕೇಳಿ."

"ಬಳ್ಳಿಗೆ ನೀರು ಹಾಕಲ್ಲ ತಾನೇ?"

"ಇಲ್ಲ. ಅದು ಬಾಡಿದ್ರೆ ಬಾಡ್ಲಿ. ನೀವ್ ಬಾಡ್ಬೇಡಿ."