ಲೂಪಿನ ಹೊರಗೆ ಉಳಿದ ಪ್ರಶ್ನೆ

"ಏಯ್, ಆ ಡಬ್ಬಿ ಇತ್ತ ಕೊಡು!"

ಲಾವೇನಿಯಾ ತಲೆಯೆತ್ತುವುದರೊಳಗೆ ಅವಳ ಊಟದ ಡಬ್ಬಿ ಮುಂದಿನ ಮೇಜು ಸೇರಿತ್ತು. ಶನಿವಾರದ ಪೈಥಾನ್ ಪ್ರೋಗ್ರಾಮಿಂಗ್ ತರಗತಿಯ ಮೊದಲ ದಿನ. ಗುರುತಿಲ್ಲದ ಗಂಡಸೊಬ್ಬ ಅವಳ ಮರಗೆಣಸನ್ನು ನೆಮ್ಮದಿಯಾಗಿ ಮೆಲ್ಲುತ್ತಿದ್ದ.

"ಯಾರಯ್ಯಾ ನೀನು?"

"ವೈಸಾಕೆ. ಹಾಜರಿ ಕೂಗುವಾಗ ನಿನ್ನ ಊರು ಕೇಳಿಸ್ತು. ನಮ್ಮೂರು ನಿಮ್ಮೂರು ತೌವು ಕಣೇ... ಉಪ್ಪು ಕಮ್ಮಿಯಾಗಿದೆ."

ಅವಳಿಗೆ ನಗು ಬಂತು. ತೌವು ಅಂದರೆ ಮುಗಿಯಿತು. ಒಂದೇ ಮೂಲದೇವರ ಎರಡು ಊರುಗಳವರು ಒಬ್ಬರನ್ನೊಬ್ಬರು ಬೈಯಬಹುದು, ಕದಿಯಬಹುದು, ಮಾನ ಕಳೆಯಬಹುದು. ಸಿಟ್ಟಾಗುವ ಹಕ್ಕು ಮಾತ್ರ ಯಾರಿಗೂ ಇಲ್ಲ.

ದ್ವೀಪದ ಊರು ಬಿಟ್ಟು ಫಿಜಿಯ ರಾಜಧಾನಿ ಸುವಾಗೆ ಬಂದ ಮೇಲೆ ಅವಳೊಂದಿಗೆ ಇಷ್ಟು ಸಲಿಗೆ ತೋರಿದವರೇ ಇರಲಿಲ್ಲ. ಹೊಲಿಗೆ ಕಾರ್ಖಾನೆಯಲ್ಲಿ ಯಂತ್ರದ ಸದ್ದು, ಬಾಡಿಗೆ ಕೋಣೆಯಲ್ಲಿ ಫ್ಯಾನಿನ ಸದ್ದು. ಭಾನುವಾರ ಚರ್ಚಿನಲ್ಲಿ ಪಕ್ಕದವರು ನಕ್ಕರೆ, ಆ ನಗುವನ್ನೇ ವಾರವಿಡೀ ಜೋಪಾನ ಮಾಡಿಕೊಳ್ಳಬೇಕು.

ಹಾಗಾಗಿ ಅವಳು ಡಬ್ಬಿಗೆ ಎರಡು ಪಾಲು ತುಂಬತೊಡಗಿದಳು... ಉಪ್ಪು ಬೇಕೆಂದೇ ಕಮ್ಮಿ ಹಾಕಿ!

ಒಂದು ಶನಿವಾರ ಎಲ್ಲರೆದುರೇ ಅವನು, "ನನ್ನ ಮದುವೆಯಾಗ್ತೀಯೇನೇ, ಏಡಿ ಕಳ್ಳಿ?" ಎಂದ. ಅವಳೂರಿನವರನ್ನು ಅವನೂರಿನವರು ಛೇಡಿಸುವ ಅಡ್ಡಹೆಸರದು.

ಅವಳು ಕೀಬೋರ್ಡಿನಿಂದ ಕೈ ತೆಗೆದಳು. "ನಿಜವಾಗ್ಲೂ?"

ಅವನು ತಡವರಿಸಿದ. ಹಿಂದಿನ ಸಾಲಿನವರು ಕಿಸಕ್ಕೆಂದರು.

"ನಿಮ್ಮೂರಿನವಳನ್ನ ಯಾರಾದ್ರೂ ನಿಜವಾಗ್ಲೂ ಮದುವೆಯಾಗ್ತಾರಾ!" ಎಂದುಬಿಟ್ಟ.

ತರಗತಿ ಬಿದ್ದುಬಿದ್ದು ನಕ್ಕಿತು. ಅವಳೂ ನಕ್ಕಳು. ನಗಲೇಬೇಕಲ್ಲ, ಪದ್ಧತಿ! ಕೋಣೆಗೆ ಹೋಗಿ ಅತ್ತಳು. ಅದಕ್ಕೆ ಯಾವ ಪದ್ಧತಿಯೂ ಅಡ್ಡಬರಲಿಲ್ಲ.

ಮುಂದಿನ ಶನಿವಾರ ಕಿಟಕಿ ಪಕ್ಕದ ಒಂಟಿ ಕಂಪ್ಯೂಟರಿಗೆ ಹೋಗಿ ಕೂತಳು. ಡಬ್ಬಿಯನ್ನು ಚೀಲದಿಂದ ತೆಗೆಯಲೇ ಇಲ್ಲ.

ಅಂದು ಲೂಪಿನ ಪಾಠ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸುತ್ತು.

"ಸರಿಯುತ್ತರ ಬರೋ ತನಕ ಕೇಳ್ತಾನೇ ಇರೋ ಪ್ರೋಗ್ರಾಂ ಬರೀರಿ," ಎಂದರು ಸುಭಾಷಿನಿ ಮೇಡಂ.

ಲಾವೇನಿಯಾ ಬರೆದಳು. 'ಏಳೆಂಟಲಿ ಎಷ್ಟು?' ಎಂದು ಪರದೆ ಕೇಳಿತು. ಮನಸ್ಸೆಲ್ಲೋ ಇತ್ತು. ಐವತ್ತನಾಲ್ಕು ಎಂದು ಒತ್ತಿದಳು.

ತಪ್ಪು. ತಪ್ಪು. ತಪ್ಪು. ತಪ್ಪು...

ಪರದೆ ತುಂಬಿ ಹರಿಯತೊಡಗಿತು. ನಿಲ್ಲಿಸುವುದು ತಿಳಿಯದೆ ಅವಳ ಕಣ್ಣೂ ತುಂಬಿತು. 'ಇದಕ್ಕೂ ನಾನೇ ಬೇಕಿತ್ತೇ?'

ಹಿಂದಿನಿಂದ ಒಂದು ಕೈ ಬಂದು ಎರಡು ಕೀಲಿ ಒತ್ತಿತು. ಪರದೆ ನಿಂತಿತು.

"ಪ್ರಶ್ನೆನ ಲೂಪಿನ ಹೊರಗಿಟ್ಟಿದ್ದೀಯಲ್ಲೇ," ವೈಸಾಕೆ ಮೆಲ್ಲಗೆ ಹೇಳಿದ. "ಒಂದೇ ಸಲ ಕೇಳಿದೆ. ಆ ಒಂದು ಹಾಳು ಉತ್ತರ ಹಿಡ್ಕೊಂಡು ಸುತ್ತುತ್ತಾ ಇದೆ, ಪಾಪ."

ಲಾವೇನಿಯಾ ಪರದೆಯನ್ನೇ ನೋಡಿದಳು. ಪ್ರಶ್ನೆಯನ್ನು ಲೂಪಿನ ಒಳಗೂ ಒಮ್ಮೆ ಬರೆದಳು. ಆಮೇಲೆ ಕುರ್ಚಿ ತಿರುಗಿಸಿದಳು.

"ಅವತ್ತು ಕೇಳಿದ್ದು... ನಿಜವಾಗ್ಲೂನಾ?"

ಅಭ್ಯಾಸಬಲದಿಂದ ಅವನ ಬಾಯಿ ತೆರೆಯಿತು. ಅವಳು ನಗಲಿಲ್ಲ. ಬಾಯಿ ಮುಚ್ಚಿತು.

"ಹೆದರಿಕೆ ಆಯ್ತು," ಎಂದ. "ತಮಾಷೆಯಾಗಿ ಕೇಳಿದ್ರೆ ಯಾರೂ ಒಲ್ಲೆ ಅನ್ನಲ್ಲ. ನೀನು ನಿಜಾನಾ ಅಂದೆ... ಹೂಂ ಅಂದ್ಮೇಲೆ ನೀನೂ ನಕ್ಕುಬಿಟ್ರೆ?"

"ಈಗ ನಗ್ತಿದ್ದೀನಾ?"

"ಇಲ್ಲ... ಲಾವೇನಿಯಾ..." ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು! "ದೊಡ್ಡಪ್ಪನ್ನ ಕರ್ಕೊಂಡು, ತಿಮಿಂಗಿಲದ ಹಲ್ಲು ಹಿಡ್ಕೊಂಡು ನಿಮ್ಮಪ್ಪನ ಮನೆಗೆ ಬರ್ಲಾ?"

ತಿಮಿಂಗಿಲದ ಹಲ್ಲು! ಹೆಣ್ಣು ಕೇಳಲು ಹೋದ ಹಿರಿಯರು ಎರಡೂ ಕೈಯಲ್ಲಿ ಹಿಡಿದು, ನೆಲದ ಮೇಲೆ ಕೂತು ಒಪ್ಪಿಸುವ ವಸ್ತು ಅದು. ತೌವಿನವರು ಸಾವಿನ ಮನೆಯಲ್ಲೂ ತಮಾಷೆ ಮಾಡಿಯಾರು, ಆ ಹಲ್ಲಿನ ಹೆಸರೆತ್ತಿ ಮಾಡುವುದಿಲ್ಲ.

"ಬೋಟಲ್ಲಿ ವಾಂತಿ ಮಾಡ್ಕೋತೀಯ ನೀನು," ಎಂದಳು, ಕಣ್ಣೊರೆಸಿಕೊಳ್ಳುತ್ತ.

"ಮಾಡ್ಕೋತೀನಿ. ಬರ್ಲಾ?"

"ಹೂಂ... ಬಾ."