ಎರಡಿಂಚಿನ ಸುಳ್ಳು

"ಕ್ಯಾಬಿನೆಟ್ ಒಳಗೆ ಎಷ್ಟುದ್ದ ಜಾಗ ಇದೆ ಮೇಡಮ್?"

ಅವಳಿಗೆ ನಗು ಬಂತು. ಬೆಳಗಾದರೆ ಕಂಡವರ ಅಳತೆ ತೆಗೆಯುವ ಟೈಲರ್ ಅವಳು. ತನ್ನ ಕಂಪ್ಯೂಟರಿನ ಅಳತೆ ತೆಗೆಯದೆ, ಗೇಮ್ ತಡೆಯಿಲ್ಲದೆ ಓಡಿಸುವ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಬಂದಿದ್ದಳು.

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ವಾ? ಕಾರ್ಡಿಗೂ ಅದೇ ನ್ಯಾಯ," ಎಂದ ಅಂಗಡಿಯವನು. ಕಿವಿಯ ಮೇಲೆ ಸದಾ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿರುತ್ತಿದ್ದ ಅವನನ್ನು ಅಕ್ಕಪಕ್ಕದವರೆಲ್ಲ ಸ್ಕ್ರೂ ಎಂದೇ ಕರೆಯುತ್ತಿದ್ದರು. "ನಿಮ್ಮ ಬಜೆಟ್ಟಿಗೆ ಹೊಸದು ಬರಲ್ಲ. ಒಳ್ಳೇ ಸೆಕೆಂಡ್ ಹ್ಯಾಂಡ್ ಹುಡುಕೋಣ. ಯಾರ್ ಜೊತೆ ಆಡ್ತೀರಿ?"

"ಒಬ್ಳೇ."

ಅಯ್ಯೋ ಪಾಪ ಎನ್ನಲಿಲ್ಲ ಅವನು. ಸ್ಟೂಲನ್ನು ಅವಳ ಕಡೆಗೆ ಸರಿಸಿ, "ಕೂತ್ಕೊಳ್ಳಿ, ನಿಧಾನವಾಗಿ ನೋಡೋಣ" ಎಂದ.

ಅವಳ ಅಂಗಡಿಗೆ ಬಂದವರು ತೋಳು ಚಾಚಿ ನಿಂತು, ಅಳತೆ ಕೊಟ್ಟು ಹೊರಟುಬಿಡುವವರು. ಮನೆಯಲ್ಲಂತೂ ಮಾತಾಡಲು ಗೋಡೆಗಳೇ. ಕಂಪ್ಯೂಟರ್ ತಮ್ಮನದು. ಮದುವೆಯಾಗಿ ಬೇರೆ ಊರಿಗೆ ಹೋಗುವಾಗ, "ನೀನೇ ಇಟ್ಕೋ ಅಕ್ಕ" ಎಂದು ಬಿಟ್ಟುಹೋಗಿದ್ದ. ಇಬ್ಬರೂ ಪಕ್ಕಪಕ್ಕ ಕೂತು ಕುದುರೆಯೇರಿ ಕಾಡುಮೇಡು ಸುತ್ತುತ್ತಿದ್ದ ಆಟ ಅದರಲ್ಲಿ ಹಾಗೆಯೇ ಇತ್ತು. ಈಗ ಅವಳು ಹೊರಟರೆ ಎರಡನೆಯ ಕುದುರೆ ಬರಿ ಬೆನ್ನಿನಲ್ಲಿ ಹಿಂದೆಯೇ ಬರುತ್ತಿತ್ತು. ಹಳೆಯ ಕಾರ್ಡು ಬೇರೆ, ನಾಲ್ಕು ಹೆಜ್ಜೆಗೊಮ್ಮೆ ತಡವರಿಸುತ್ತಿತ್ತು.

ಆ ಸಂಜೆ ಮನೆಗೆ ಹೋಗಿ ಕ್ಯಾಬಿನೆಟ್ ಬಿಚ್ಚಿ ಅಳೆದಳು. ಸರಿಯಾಗಿ ಹನ್ನೊಂದು ಇಂಚು. ಮುಂದಿನ ಶನಿವಾರ ಅದೇ ಸ್ಟೂಲಿನ ಮೇಲೆ ಕೂತು, "ಒಂಬತ್ತೇ ಇಂಚು ಇರೋದು" ಎಂದಳು.

ಅಲ್ಲಿಂದ ಪಾಪದವನಿಗೆ ಹುಡುಕಾಟ ಶುರುವಾಯಿತು. ಒಂದು ಕಾರ್ಡು ಉದ್ದ, ಇನ್ನೊಂದಕ್ಕೆ ಅವಳ ಪವರ್ ಸಪ್ಲೈ ಸಾಲದು. ಚಿಕ್ಕದು ಸಿಕ್ಕರೆ ಬೆಲೆ ಕೈಗೆಟುಕದು. ಪ್ರತಿ ಶನಿವಾರ "ಸಾರಿ ಮೇಡಮ್" ಎನ್ನುತ್ತಿದ್ದ ಅವನು. ಅವಳು ಬೇಸರದ ಮುಖ ಮಾಡಿ, ಒಳಗೊಳಗೇ ಹಿಗ್ಗುತ್ತಿದ್ದಳು.

ಒಮ್ಮೆ ಮೇಲಿನ ಕಪಾಟಿಗೆ ಕೈಚಾಚಿದವನನ್ನು ಕೂತಲ್ಲಿಂದಲೇ ನೋಡಿ, "ನಿಮ್ಮ ಶರ್ಟಿನ ಬಲತೋಳು ಅರ್ಧ ಇಂಚು ಉದ್ದ" ಎಂದಳು. ಅವನು ನಂಬದೆ ಎರಡೂ ತೋಳಿಗೆ ಟೇಪ್ ಹಿಡಿದ. ಅರ್ಧ ಇಂಚೇ. ಆಮೇಲೆ ಬಹಳ ಹೊತ್ತು ಕಾರ್ಡನ್ನು ಬಿಟ್ಟು ಅವಳನ್ನೇ ನೋಡಿದ. ಅವಳು ತಲೆ ತಗ್ಗಿಸಿ ಸೆರಗಿನಂಚಿನ ಹೊಲಿಗೆ ಎಣಿಸುವವಳಂತೆ ಕೂತಳು.

ಕೊನೆಗೊಂದು ಶನಿವಾರ ಅವನ ಮುಖ ಅರಳಿತ್ತು. "ಸಿಕ್ತು! ಎಂಟೂವರೆ ಇಂಚು, ನಿಮ್ಮ ದುಡ್ಡಿಗೇ. ನಾಳೆ ರಜಾ ಅಲ್ವಾ, ನಾನೇ ಬಂದು ಹಾಕಿಕೊಡ್ತೀನಿ."

ಬೇಡ ಎನ್ನಬೇಕೆಂದುಕೊಂಡೇ ಅವಳು ಮನೆಯ ವಿಳಾಸ ಬರೆದುಕೊಟ್ಟಳು.

ಮರುದಿನ ಅವಳ ಮೇಜಿನ ಮುಂದೆ ಕೂತು ಅವನು ಕ್ಯಾಬಿನೆಟ್ಟಿನ ಮುಚ್ಚಳ ತೆಗೆದ. ಹಳೆಯ ಕಾರ್ಡು ಬಿಚ್ಚಿ, ಹೊಸದನ್ನು ಕೂರಿಸಿದ. ಅದರ ಮುಂದೆ ಇನ್ನೂ ಧಾರಾಳ ಜಾಗ ಉಳಿದಿತ್ತು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಅವಳು ಕಿಟಕಿಯ ಕಡೆ ತಿರುಗಿದಳು. ಟೇಪ್ ಎಳೆದ ಸದ್ದು ಕೇಳಿಸಿತು.

"ಮೇಡಮ್, ಇಲ್ಲಿ ಹನ್ನೊಂದಿಂಚಿದೆ."

"ನನ್ನ ಟೇಪು ಹಳೇದು."

"ಅರ್ಧ ಇಂಚನ್ನ ದೂರದಿಂದಲೇ ಹೇಳಿದೋರು ನೀವು."

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. "ಕಾರ್ಡ್ ಸಿಕ್ಕಿಬಿಟ್ರೆ ಶನಿವಾರ ನಾನೆಲ್ಲಿಗೆ ಹೋಗ್ಲಿ?" ಎಂದಳು, ಅವನ ಮುಖ ನೋಡದೆ. "ಕೂತ್ಕೊಳ್ಳಿ ಅಂತ ನನಗೆ ಹೇಳೋರು ನೀವೊಬ್ರೇ. ನೀವಂದ್ರೆ ಇಷ್ಟ ನಂಗೆ. ನಿಮ್ಮನ್ನ ಸುಮ್ನೆ ಅಲೆದಾಡಿಸಿದೆ, ತಪ್ಪಾಯ್ತು."

ಅವನು ಕಿವಿಯಿಂದ ಸ್ಕ್ರೂಡ್ರೈವರ್ ತೆಗೆದು ಹೊಸ ಕಾರ್ಡನ್ನು ಬಿಚ್ಚಿ, ಡಬ್ಬಿಗೆ ಹಾಕಿದ. ಹಳೆಯದನ್ನೇ ಮತ್ತೆ ಕೂರಿಸಿದ. ಸಿಟ್ಟಾಗಿದ್ದಾನೆ, ಎಲ್ಲ ಮುಗಿಯಿತು ಎಂದುಕೊಂಡಳು ಅವಳು. ಕಣ್ಣು ತುಂಬಿತು.

"ಇದು ಬೇಡ," ಎಂದ ಅವನು. "ಇದೇ ದುಡ್ಡಿಗೆ ಉದ್ದದ್ದು ಇದಕ್ಕಿಂತ ಚೆನ್ನಾಗಿರೋದು ಸಿಗುತ್ತೆ. ಹುಡುಕೋಕೆ ಟೈಮ್ ಹಿಡಿಯುತ್ತೆ, ಅಷ್ಟೇ."

"ಎಷ್ಟು ಟೈಮು?"

"ಏನವಸರ? ಶನಿವಾರ ಬನ್ನಿ. ಸ್ಟೂಲ್ ಅಲ್ಲೇ ಇರುತ್ತೆ." ಬಾಗಿಲಲ್ಲಿ ನಿಂತು ಬಲಗೈ ಮುಂದೆ ಚಾಚಿದ. "ಬರೋವಾಗ ಟೇಪ್ ತನ್ನಿ. ಈ ತೋಳನ್ನ ಸರಿ ಮಾಡಿಸ್ಬೇಕು. ಈ ಸಲ ಅಳತೆ ನಿಜ ಹೇಳಿ."

ಅವನು ಹೋದ ಮೇಲೆ ಮನೆ ಮತ್ತೆ ಖಾಲಿಯಾಯಿತು. ಅವಳು ಆಟ ಹಚ್ಚಿದಳು. ಎಂದಿನಂತೆ ಎರಡನೆಯ ಕುದುರೆ ತಡವರಿಸುತ್ತಾ ದೂರದಲ್ಲಿ ಬರುತ್ತಿತ್ತು. ಅದು ಹತ್ತಿರ ಬರುವವರೆಗೆ ಅವಳು ತನ್ನ ಕುದುರೆಯನ್ನು ನಿಲ್ಲಿಸಿಕೊಂಡಳು.